ಆವೃತ್ತಿಯೂ ಒಪ್ಪೋಲೆಯೂ

ಅಚ್ಚಾದ ಗ್ರಂಥಗಳ ಕೊನೆಯಲ್ಲಿ ಒಪ್ಪೋಲೆಯೊಂದನ್ನು ಸೇರಿಸುವ ಪದ್ಧತಿ ಹಳೆಯದು. ಇಂಥ ಪುಟದ ಇಂಥ ಪಂಕ್ತಿಯಲ್ಲಿ ತಪ್ಪು ಇದು, ಒಪ್ಪು ಇದು ಎಂದು ಅದು ತಿಳಿಸುವುದು. ಓದುವವರಲ್ಲಿ ಬಹುಮಂದಿ ಅದನ್ನು ತಿರುವಿಯೂ ನೋಡುವುದಿಲ್ಲ. ಪಾಠಶಾಲೆಯಲ್ಲಿ ಓದಿದವರಿಗೆ ಮಾತ್ರ ಪಾಠಕ್ಕೆ ಕುಳಿತುಕೊಳ್ಳುವ ಮೊದಲೇ ಒಪ್ಪೋಲೆಯನ್ನು ನೋಡಿ ಪುಸ್ತಕವನ್ನು ತಿದ್ದಿಕೊಳ್ಳುವ ಅಭ್ಯಾಸವಿರುವುದು. ಹೀಗೆ ತಿದ್ದಿಕೊಳ್ಳುವಾಗಲೂ ಒಂದು ವಿಪತ್ತು ಒದಗುವುದುಂಟು. ಮೊದಲನೆಯ ಮುದ್ರಣದ ಒಪ್ಪೋಲೆಯನ್ನು ಸಹಪಾಠಿಯಿಂದ ಎರವಲು ತಂದ ವಿದ್ಯಾರ್ಥಿಯು, ತನ್ನ ಕೈಯಲ್ಲಿರುವುದು ಎರಡನೆಯ ಮುದ್ರಣವೆಂಬುದನ್ನು ಗಮನಿಸದೆ, ೧೨ನೆಯ ಪುಟದ ೭ನೆಯ ಪಂಕ್ತಿಯಲ್ಲಿ ಸರಿಯಾಗಿಯೇ ಇದ್ದ ಮಾತನ್ನು ಹೊಡೆದುಹಾಕಿ, ಶುದ್ಧವಾಗಿದ್ದುದನ್ನು ಅಶುದ್ಧ ಮಾಡಿಕೊಳ್ಳುವನು. ಅವನ ಪಕ್ಕದವನು, “ನನ್ನದು ಹೊಸ ಮುದ್ರಣ, ನನಗೆ ಒಪ್ಪೋಲೆಯ ಗೊಡವೆಯೇಕೆ?” ಎಂದು ನೆಮ್ಮದಿಯಿಂದಿರುವನು. ಅಚ್ಚುಕೂಟದವರು ಹಳೆಯ ಪಡಿಯಚ್ಚನ್ನೇ ಮತ್ತೆ ಬಳಸಿದ್ದರೆ, ಆ ತಪ್ಪು ಅವನ ಪುಸ್ತಕದಲ್ಲಿಯೂ ಇದ್ದೇ ಇರುವುದು. ತಪ್ಪು ಯಾವುದೆಂದು ತಿಳಿದರೆ ಸಾಲದು. ಅದು ಯಾವ ಪ್ರತಿಯಲ್ಲಿದೆ, ತನ್ನ ಕೈಯಲ್ಲಿರುವ ಪ್ರತಿ ಯಾವುದು, ಎಂಬ ಎರಡನ್ನೂ ತಿಳಿದ ಹೊರತು ಒಪ್ಪೋಲೆಯಿಂದ ಫಲವಿಲ್ಲ.

ಕಂಪ್ಯೂಟರುಗಳ ಪಾಲನೆಯನ್ನು ವೃತ್ತಿಯಾಗಿ ಉಳ್ಳವರಿಗೆ ಈ ಪ್ರಶ್ನೆಯೇ ಇಂದು ದಿನದಿನವೂ ಒದಗುತ್ತಿರುವುದು. ಯಂತ್ರವನ್ನು ನಡೆಸುವ ಸಾಫ್ಟ್‌ವೇರ್ ಎಂಬುದೂ ಒಂದು ಬಗೆಯ ಗ್ರಂಥವೇ. ಮನುಷ್ಯರು ಬರೆದುದರಿಂದ ಅದರಲ್ಲಿಯೂ ಸ್ಖಾಲಿತ್ಯಗಳುಂಟು. ಅವುಗಳಲ್ಲಿ ಕೆಲವು ಕಳ್ಳನಿಗೆ ಕನ್ನದ ದಾರಿಯಾಗತಕ್ಕವು. ಬರೆದವರು ತಿದ್ದಿ ತಿದ್ದಿ ಮತ್ತೆ ಪ್ರಕಟಿಸುವರು. ಪ್ರಕಟಿಸಿದಾಗಲೆಲ್ಲ ಒಂದು ಅಂಕೆಯನ್ನು ಕೊಡುವರು. ಆ ಅಂಕೆಯೇ ಆವೃತ್ತಿಯ ಗುರುತು. ದೋಷವೊಂದು ಹೊರಬಿದ್ದಾಗ, ಇಂಥ ಆವೃತ್ತಿಯಿಂದ ಇಂಥ ಆವೃತ್ತಿಯವರೆಗೆ ಇದು ತಗಲುವುದು, ಇಂಥದರಲ್ಲಿ ತಿದ್ದಲ್ಪಟ್ಟಿದೆ, ಎಂಬ ಪ್ರಕಟನೆ ಹೊರಡುವುದು. ಅದನ್ನು ಓದಿ, ತನ್ನ ಯಂತ್ರದ ಅಂಕೆಯನ್ನು ಅದರೊಡನೆ ಹೋಲಿಸಿ ನೋಡಿದರಾಯಿತು, ಇದಕ್ಕೆ ಪಾಂಡಿತ್ಯವೇತಕ್ಕೆ, ಎಂದು ಹೊರಗಿನವರು ಭಾವಿಸಬಹುದು. ಒಮ್ಮೆಯಾದರೂ ಆ ಕೆಲಸವನ್ನು ಮಾಡಿದವರು ಹಾಗೆ ಹೇಳುವುದಿಲ್ಲ.

ದೋಷಗಳಿಗೆ ಒಂದು ನಿಶ್ಚಿತವಾದ ಹೆಸರು ದೊರೆತುದೇ ಈಚೆಗೆ. ಒಂದೇ ಮೂಲಿಕೆಯನ್ನು ಸೀಮೆಗೊಂದು ಹೆಸರಿನಿಂದ ಕರೆಯುವಂತೆ, ಮೊದಲು ಒಂದೇ ದೋಷವನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು. ಇಬ್ಬರು ಮಾತನಾಡುತ್ತಿರುವುದು ಒಂದೇ ದೋಷವನ್ನು ಕುರಿತೋ ಬೇರೆ ಬೇರೆ ದೋಷಗಳನ್ನು ಕುರಿತೋ ಎಂಬುದೇ ತಿಳಿಯುತ್ತಿರಲಿಲ್ಲ. ಅಮೆರಿಕದ ಮೈಟರ್ ಸಂಸ್ಥೆಯ ಡೇವಿಡ್ ಮ್ಯಾನ್ ಮತ್ತು ಸ್ಟೀವನ್ ಕ್ರಿಸ್ಟಿ ಎಂಬಿಬ್ಬರು ೧೯೯೯ರ ಜನವರಿಯಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿದರು: ಪ್ರತಿಯೊಂದು ದೋಷಕ್ಕೂ ಎಲ್ಲರೂ ಒಪ್ಪುವ ಒಂದೊಂದು ಸಂಖ್ಯೆ ಇರತಕ್ಕದ್ದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ೩೨೧ ದೋಷಗಳ ಮೊದಲ ಪಟ್ಟಿ ಪ್ರಕಟವಾಯಿತು. ಸಿವಿಇ ಎಂದು ಹೆಸರಾದ ಈ ನಿಘಂಟು ಬೆಳೆದ ಬಗೆ ಬೆರಗುಗೊಳಿಸತಕ್ಕದ್ದು. ೨೦೨೪ರ ಒಂದೇ ವರ್ಷದಲ್ಲಿ ಸುಮಾರು ೪೦,೦೦೦ ದೋಷಗಳು ಅದರಲ್ಲಿ ಸೇರಿದುವು. ಹೆಸರನ್ನು ನಿಘಂಟು ಕೊಡಬಲ್ಲುದು. ಆ ಹೆಸರಿನ ರೋಗವು ಈ ಮನೆಯಲ್ಲಿದೆಯೇ ಎಂಬುದನ್ನು ಮಾತ್ರ ಮನೆಯವರೇ ನೋಡಿಕೊಳ್ಳಬೇಕು.

ಇದರ ಕಷ್ಟವನ್ನು ಲೋಕಕ್ಕೆಲ್ಲ ತೋರಿಸಿಕೊಟ್ಟುದು ೨೦೧೪ರ ಏಪ್ರಿಲ್ ೭ರಂದು ಪ್ರಕಟವಾದ ಹಾರ್ಟ್‌ಬ್ಲೀಡ್ ಎಂಬ ದೋಷ. ಅದರ ಸಂಖ್ಯೆ ಸಿವಿಇ-೨೦೧೪-೦೧೬೦. ಅಂತರ್ಜಾಲದಲ್ಲಿ ಎರಡು ಯಂತ್ರಗಳು ಗುಟ್ಟಾಗಿ ಮಾತನಾಡಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಒದಗಿಸುವ ಓಪನ್‌ಎಸ್‌ಎಸ್‌ಎಲ್ ಎಂಬ ಸಾಫ್ಟ್‌ವೇರ್ ಉಂಟು. ಮಾತಿನ ನಡುವೆ ಎದುರಿನ ಯಂತ್ರ ಇನ್ನೂ ಎಚ್ಚರವಾಗಿದೆಯೇ ಎಂದು ತಿಳಿಯಲು ಒಂದು ಯಂತ್ರವು ಕೆಲವು ಅಕ್ಷರಗಳನ್ನು ಕಳುಹಿಸಿ, “ಇಷ್ಟು ಅಕ್ಷರಗಳಿವೆ, ಹಿಂದಿರುಗಿಸು” ಎಂದು ಕೇಳುವ ಏರ್ಪಾಡು ಅದರಲ್ಲಿತ್ತು. ಕೇಳಿದವನು ಹೇಳಿದ ಲೆಕ್ಕವು ನಿಜವೇ ಎಂದು ಅಳೆದು ನೋಡುವುದನ್ನು ಬರೆದವರು ಮರೆತಿದ್ದರು. ಒಬ್ಬನು ಕಣಜದ ಕಾವಲುಗಾರನ ಕೈಯಲ್ಲಿ ಒಂದು ಹಿಡಿ ಅಕ್ಕಿಯನ್ನಿಟ್ಟು, “ಇದು ಒಂದು ಖಂಡುಗ, ನಾಳೆ ಹಿಂದಕ್ಕೆ ಕೊಡು” ಎಂದರೆ, ಕಾವಲುಗಾರನು ಅಳೆಯದೆಯೇ ಕಣಜದಲ್ಲಿದ್ದುದನ್ನೆಲ್ಲ ಬಾಚಿ ಒಂದು ಖಂಡುಗವನ್ನು ತುಂಬಿಸಿಕೊಟ್ಟಂತೆ, ಯಂತ್ರವು ತನ್ನ ನೆನಪಿನಲ್ಲಿದ್ದ ಇತರರ ಗುಟ್ಟುಗಳನ್ನು ಒಮ್ಮೆಗೆ ೬೪ ಕಿಲೋಬೈಟುಗಳವರೆಗೆ ಕೊಟ್ಟುಬಿಡುತ್ತಿತ್ತು. ಕೆನಡಾ ದೇಶದ ಕಂದಾಯದ ಇಲಾಖೆಯಿಂದ ಸುಮಾರು ೯೦೦ ಮಂದಿಯ ಗುರುತಿನ ಸಂಖ್ಯೆಗಳು ಹೀಗೆ ಕಳುವಾದುವು. ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಅವರೂ ಫಿನ್‌ಲೆಂಡಿನ ಕೋಡೆನೋಮಿಕಾನ್ ಸಂಸ್ಥೆಯವರೂ, ಒಬ್ಬರದು ಇನ್ನೊಬ್ಬರಿಗೆ ತಿಳಿಯದೆ, ಇದನ್ನು ಕಂಡುಹಿಡಿದಿದ್ದರು.

ಪ್ರಕಟನೆಯಲ್ಲಿ ಆವೃತ್ತಿಗಳ ಲೆಕ್ಕ ಸ್ಪಷ್ಟವಾಗಿಯೇ ಇದ್ದಿತು. ೨೦೧೨ರ ಮಾರ್ಚ್ ೧೪ರಂದು ಹೊರಬಂದ ೧.೦.೧ರಿಂದ ಮೊದಲ್ಗೊಂಡು ೧.೦.೧ಎಫ್‌ವರೆಗೆ ದೋಷವಿದೆ; ೧.೦.೧ಜಿಯಲ್ಲಿ ತಿದ್ದಿದೆ, ಅದಕ್ಕೂ ಹಿಂದಿನ ೧.೦.೦, ೦.೯.೮ ಎಂಬ ಶಾಖೆಗಳಲ್ಲಿ ದೋಷವೇ ಇಲ್ಲ. ಇದನ್ನು ಓದಿದವರಿಗೆ ಮೊದಲು ತೋರಿದುದು ಒಂದು ವೈಚಿತ್ರ್ಯ. ಕಾಲಕಾಲಕ್ಕೆ ಹೊಸ ಆವೃತ್ತಿಯನ್ನು ತಂದುಕೊಂಡ ಶ್ರದ್ಧಾವಂತರ ಮನೆಗೆ ಕನ್ನ ಬಿದ್ದಿತ್ತು. ವರ್ಷಾನುಗಟ್ಟಲೆ ಹಳೆಯದರಲ್ಲಿಯೇ ಉಳಿದಿದ್ದ ಸೋಮಾರಿಗಳು ಪಾರಾಗಿದ್ದರು. ಹೊಸ ಹೆಂಚು ಹೊದಿಸಿದ ಮನೆ ಸೋರಿ, ಹಳೆಯ ಹುಲ್ಲಿನ ಮನೆ ಸೋರದಿದ್ದಂತಾಯಿತು. ಹಾಗೆಂದು ಸೋಮಾರಿತನವನ್ನು ಜಾಣತನವೆಂದು ಕೊಂಡಾಡುವುದು ಸಲ್ಲದು. ಹಳೆಯದರಲ್ಲಿ ಈ ದೋಷವಿರಲಿಲ್ಲ, ಅಷ್ಟೆ, ಬೇರೆ ದೋಷಗಳಿದ್ದುವು. ಒಂದು ರೋಗಕ್ಕೆ ಒಳಗಾಗದಿರುವುದೇ ಆರೋಗ್ಯವಲ್ಲ.

ಅಂದಿನ ಸ್ಥಿತಿಯನ್ನು ಬಗೆಗಾಣಲು, ಒಂದು ಊರಿನ ಆಸ್ಪತ್ರೆಯ ಯಂತ್ರಗಳನ್ನು ಕಾಯುತ್ತಿದ್ದ ಒಬ್ಬ ಪಾಲಕನನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಏಪ್ರಿಲ್ ೮ರ ರಾತ್ರಿ. ಮರುದಿನ ಬೆಳಿಗ್ಗೆ ಮೇಲಧಿಕಾರಿಗಳಿಗೆ ಅವನು ಒಂದು ಮಾತನ್ನು ಹೇಳಬೇಕಾಗಿದೆ: ನಮಗೆ ಬಾಧೆಯುಂಟೇ, ಇಲ್ಲವೇ? ಉಂಟೆಂದರೆ ಯಂತ್ರಗಳನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ನಾಳೆ ದೂರದ ಊರುಗಳಿಂದ ಬರುವ ರೋಗಿಗಳು ತಮ್ಮ ಹಿಂದಿನ ಚೀಟಿಗಳು ಸಿಕ್ಕದೆ ಬಿಸಿಲಿನಲ್ಲಿ ನಿಲ್ಲುವರು. ಇಲ್ಲವೆಂದು ಹೇಳಿ, ಆಮೇಲೆ ಉಂಟೆಂದು ತಿಳಿದುಬಂದರೆ, ಆ ರೋಗಿಗಳು ವೈದ್ಯರೊಬ್ಬರಿಗೇ ನಂಬಿ ಹೇಳಿದ ಗುಟ್ಟು ಬೀದಿಯ ಪಾಲಾಗುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ಜನ ನಗೆಗಾಗಿ ಹೇಳುವರು. ಈ ವೃತ್ತಿಯಲ್ಲಿ ಹೆಗಲು ಮುಟ್ಟಿ ನೋಡಿಕೊಳ್ಳುವವನೇ ಪ್ರಾಮಾಣಿಕನು.

ಅವನ ವಶದಲ್ಲಿ ನಾಲ್ಕು ಯಂತ್ರಗಳು. ಮೊದಲನೆಯದನ್ನು, ನಿನ್ನ ಆವೃತ್ತಿ ಯಾವುದೆಂದು ಕೇಳಿದನು, ೦.೯.೮ ಎಂದು ಉತ್ತರ ಬಂದಿತು. ಅಲ್ಲಿ ಈ ದೋಷಕ್ಕೆ ಸ್ಥಳವೇ ಇಲ್ಲ. ಎರಡನೆಯದೂ ಮೂರನೆಯದೂ, ೧.೦.೧ಇ, ೨೦೧೩ರ ಫೆಬ್ರವರಿ ೧೧, ಎಂದು ಒಂದೇ ಮಾತನ್ನು ಹೇಳಿದುವು. ಇ ಎಂಬುದು ಎಫ್‌ಗಿಂತ ಮೊದಲಿನದು. ಪ್ರಕಟನೆಯ ಪ್ರಕಾರ ಎರಡರಲ್ಲಿಯೂ ದೋಷವಿರಬೇಕು. ಪಟ್ಟಿಯನ್ನು ನಂಬಿ ಅಲ್ಲಿಗೇ ನಿಲ್ಲುವವರು ಹಲವರು. ಆದರೆ ಎರಡು ಪ್ರತಿಗಳ ಮುಖಪುಟ ಒಂದೇ ಆದ ಮಾತ್ರಕ್ಕೆ ಒಳಗಿನ ಪಾಠವೂ ಒಂದೇ ಎನ್ನಲಾಗದು.

ಇದಕ್ಕೆ ಕಾರಣ ಸಾಫ್ಟ್‌ವೇರು ಜನರ ಕೈಗೆ ಬರುವ ರೀತಿಯಲ್ಲಿದೆ. ಓಪನ್‌ಎಸ್‌ಎಸ್‌ಎಲ್ ಬರೆಯುವವರು ಒಂದು ಕಡೆ. ಅದನ್ನೂ ಅಂಥ ಸಾವಿರಾರು ಗ್ರಂಥಗಳನ್ನೂ ಒಟ್ಟುಗೂಡಿಸಿ ಜೋಡಿಸಿ ಹಂಚುವ ಡೆಬಿಯನ್, ರೆಡ್ ಹ್ಯಾಟ್, ಉಬುಂಟು ಮೊದಲಾದವರು ಇನ್ನೊಂದು ಕಡೆ. ಹಂಚುವವರಿಗೆ ಸ್ಥಿರತೆಯೇ ವ್ರತ. ಮೂಲದವರು ತಪ್ಪನ್ನು ತಿದ್ದುವುದರ ಜೊತೆಗೆ ಹೊಸ ಅಧ್ಯಾಯಗಳನ್ನೂ ಸೇರಿಸಿ ಹೊಸ ಅಂಕೆಯನ್ನು ಕೊಡುವರು. ಆ ಹೊಸತನವು ಬೇರೆಲ್ಲೋ ನಡೆಯುತ್ತಿರುವ ಕೆಲಸವನ್ನು ಕೆಡಿಸಬಹುದು. ಆದಕಾರಣ ಹಂಚುವವರು ಹೊಸ ಆವೃತ್ತಿಯಿಂದ ತಿದ್ದುಪಡಿಯ ಆ ನಾಲ್ಕು ಪಂಕ್ತಿಗಳನ್ನು ಮಾತ್ರ ತೆಗೆದುಕೊಂಡು, ತಮ್ಮ ಹಳೆಯ ಪ್ರತಿಯಲ್ಲಿ ಅಂಟಿಸಿ, ಅಂಕೆಯನ್ನು ಮೊದಲಿನಂತೆಯೇ ಉಳಿಸಿ, ಅದರ ಬಾಲದಲ್ಲಿ ಮಾತ್ರ ತಮ್ಮದೊಂದು ಗುರುತನ್ನು ಹಚ್ಚುವರು. ಡೆಬಿಯನ್‌ನ ೭ನೆಯ ಸಂಚಿಕೆಯಲ್ಲಿ ೧.೦.೧ಇ ಎಂಬುದರ ಮುಂದೆ ‘ಡೆಬ್೭ಯು೪’ ಎಂಬ ಬಾಲವಿದ್ದರೆ ಅದು ದೋಷವುಳ್ಳದ್ದು. ‘ಡೆಬ್೭ಯು೫’ ಎಂದಿದ್ದರೆ ತಿದ್ದಿದ್ದು. ತಲೆಯನ್ನು ನೋಡಿದವನಿಗೆ ಭೇದವಿಲ್ಲ; ಬಾಲವನ್ನು ನೋಡಿದವನಿಗೆ ಉಂಟು. ಬಾಲ ಕಾಣದಿದ್ದರೆ ಇನ್ನೊಂದು ಗುರುತಿದೆ: ಇದನ್ನು ಯಾವ ದಿನ ಕಟ್ಟಿದರೆಂಬುದನ್ನು ಯಂತ್ರವೇ ಹೇಳಬಲ್ಲುದು. ಆವೃತ್ತಿಯ ದಿನ ೨೦೧೩ರದಾಗಿದ್ದು, ಕಟ್ಟಿದ ದಿನ ೨೦೧೪ರ ಏಪ್ರಿಲ್ ೭ರದೋ ಈಚಿನದೋ ಆಗಿದ್ದರೆ, ತಿದ್ದುಪಡಿ ಒಳಗೆ ಬಂದಿರಬಹುದೆಂದು ಊಹಿಸಿ, ಹಂಚಿದವರ ಪ್ರಕಟನೆಯನ್ನು ನೋಡಿ ದೃಢಪಡಿಸಿಕೊಳ್ಳಬೇಕು. ಇದಲ್ಲದೆ, ಎಚ್ಚರವನ್ನು ವಿಚಾರಿಸುವ ಆ ಏರ್ಪಾಡನ್ನೇ ಬಿಟ್ಟು ಕಟ್ಟಿಕೊಂಡವರೂ ಇದ್ದರು. ಅಂಥವರಲ್ಲಿ ಅಂಕೆ ದೋಷದ್ದಾದರೂ ದೋಷವಿಲ್ಲ.

ಪಾಲಕನು ಬಾಲಗಳನ್ನು ನೋಡಿದನು. ಎರಡನೆಯ ಯಂತ್ರದ್ದು ನಾಲ್ಕು, ಮೂರನೆಯದರದು ಐದು. ಎರಡನೆಯದನ್ನು ಕೂಡಲೆ ತಿದ್ದಿದನು. ಮೂರನೆಯದು ತಾನಾಗಿಯೇ ತಿದ್ದಿಕೊಂಡಿತ್ತು. ಮೂರನೆಯದರ ಚಿಂತೆ ತೀರಿತೆನ್ನುವಷ್ಟರಲ್ಲಿ ಮತ್ತೊಂದು ಸಂದೇಹ ಹುಟ್ಟಿತು. ಪುಸ್ತಕವನ್ನು ತಿದ್ದಿದರೂ, ಹಳೆಯ ಪಾಠವನ್ನು ಕಂಠಸ್ಥ ಮಾಡಿದ ವಿದ್ಯಾರ್ಥಿಯು ಹಳೆಯದನ್ನೇ ಒಪ್ಪಿಸುತ್ತಿರುವನಷ್ಟೆ. ಯಂತ್ರದಲ್ಲಿ ತಿಂಗಳುಗಳ ಹಿಂದೆ ಆರಂಭವಾಗಿ ಇನ್ನೂ ನಡೆಯುತ್ತಿರುವ ಕೆಲಸಗಳು ಆಗ ಓದಿಕೊಂಡ ಪಾಠವನ್ನೇ ನೆನಪಿನಲ್ಲಿಟ್ಟುಕೊಂಡಿರುವುವು. ಅವುಗಳನ್ನು ನಿಲ್ಲಿಸಿ ಮತ್ತೆ ಆರಂಭಿಸಿದ ಹೊರತು ತಿದ್ದುಪಡಿ ಅವುಗಳಿಗೆ ತಲುಪುವುದಿಲ್ಲ. ಡೆಬಿಯನ್‌ನವರು ಇದಕ್ಕಾಗಿಯೇ ತಮ್ಮ ಪ್ರಕಟನೆಯ ಬೆನ್ನಲ್ಲೇ ಇನ್ನೊಂದನ್ನು ಹೊರಡಿಸಬೇಕಾಯಿತು. ಹೀಗೆ, ಪೆಟ್ಟಿಗೆಯಲ್ಲಿರುವ ಆವೃತ್ತಿ ಒಂದು, ನಾಲಗೆಯ ಮೇಲಿರುವ ಆವೃತ್ತಿ ಇನ್ನೊಂದು. ಕಳ್ಳನು ಮಾತನಾಡಿಸುವುದು ನಾಲಗೆಯನ್ನು.

ನಾಲ್ಕನೆಯ ಯಂತ್ರದ ಮಾತೇ ಬೇರೆ. ಅದು ಕೊಂಡು ತಂದ ಮುಚ್ಚಿದ ಪೆಟ್ಟಿಗೆ. ಅದರೊಳಗೆ ಯಾವ ಯಾವ ಗ್ರಂಥಗಳಿವೆ ಎಂಬುದನ್ನು ಕೇಳುವ ಬಾಗಿಲೇ ಇಲ್ಲ. ಅದನ್ನು ಮಾರಿದವರಿಂದ ಇನ್ನೂ ಸುದ್ದಿಯಿಲ್ಲ. ಆ ಪೆಟ್ಟಿಗೆಯ ಸಂಗತಿ ಸದ್ಯಕ್ಕೆ ಹಾಗಿರಲಿ.

ಮೂಲದಲ್ಲಿ ದೋಷವಿದ್ದು ಪ್ರತಿಯಲ್ಲಿ ಇಲ್ಲದಿರುವುದನ್ನು ಈವರೆಗೆ ಹೇಳಿದ್ದಾಯಿತು. ಮೂಲವು ಶುದ್ಧವಾಗಿದ್ದು ಪ್ರತಿಯಲ್ಲಿ ಮಾತ್ರ ದೋಷ ಸೇರುವುದೂ ಉಂಟು. ಲಿಪಿಕಾರನು ಅಚಾತುರ್ಯದಿಂದ ಒಂದು ಪಂಕ್ತಿಯನ್ನು ಬಿಟ್ಟರೆ ಆಗುವಂತೆ. ೨೦೦೬ರ ಸೆಪ್ಟೆಂಬರಿನಲ್ಲಿ ಡೆಬಿಯನ್‌ನವರು ತಮ್ಮ ಓಪನ್‌ಎಸ್‌ಎಸ್‌ಎಲ್ ಪ್ರತಿಯಲ್ಲಿ, ದೋಷಗಳನ್ನು ಹುಡುಕುವ ಒಂದು ಸಾಧನವು ಆಕ್ಷೇಪಿಸಿದುದರಿಂದ, ನಿರುಪಯುಕ್ತವೆಂದು ತೋರಿದ ಕೆಲವು ಮಾತುಗಳನ್ನು ತೆಗೆದುಹಾಕಿದರು. ಬೀಗದ ಕೈಗಳನ್ನು ಊಹಿಸಲಾಗದಂತೆ ಮಾಡಲು ಬೇಕಾದ ಯಾದೃಚ್ಛಿಕತೆಯೆಲ್ಲ ಆ ಮಾತುಗಳ ದಾರಿಯಿಂದಲೇ ಒಳಗೆ ಬರುತ್ತಿತ್ತು. ಉಳಿದುದು ನಡೆಯುತ್ತಿರುವ ಕೆಲಸದ ಕ್ರಮಸಂಖ್ಯೆಯೊಂದೇ. ಅದು ೩೨,೭೬೮ನ್ನು ಮೀರುವುದಿಲ್ಲ. ಅದು ಕಾರಣ, ಒಂದೊಂದು ಜಾತಿಯ, ಒಂದೊಂದು ಅಳತೆಯ ಕೈಗಳು ಅಷ್ಟಕ್ಕಿಂತ ಹೆಚ್ಚಾಗಿ ಹುಟ್ಟಲು ಸಾಧ್ಯವಿರಲಿಲ್ಲ. ಕಳ್ಳನು ಅಷ್ಟನ್ನೂ ಮೊದಲೇ ಮಾಡಿಟ್ಟುಕೊಂಡು ಒಂದೊಂದಾಗಿ ತಿರುಗಿಸಿ ನೋಡಬಹುದು. ಲೂಸಿಯಾನೋ ಬೆಲ್ಲೋ ಎಂಬವರು ಕಂಡುಹಿಡಿದ ಈ ದೋಷವು ೨೦೦೮ರ ಮೇ ೧೩ರಂದು ಪ್ರಕಟವಾಗುವವರೆಗೆ ಸುಮಾರು ೨೦ ತಿಂಗಳು ಮರೆಯಾಗಿತ್ತು.

ಆಗ ಮೂಲದವರ ಆವೃತ್ತಿಗಳನ್ನು ಮಾತ್ರ ನೋಡಿದವನಿಗೆ ದೋಷವೇ ಕಾಣುತ್ತಿರಲಿಲ್ಲ. ಮೂಲದಲ್ಲಿ ಅದು ಇರಲೇ ಇಲ್ಲ. ಡೆಬಿಯನ್ ಪ್ರತಿಯನ್ನೇ ನೋಡಿ ಬರೆದುಕೊಂಡ ಉಬುಂಟುವಿನಂಥವರಲ್ಲಿ ಇದ್ದಿತು. ವಂಶವೃಕ್ಷವನ್ನು ಬಲ್ಲವನಿಗೆ ಮಾತ್ರ ಇದು ತಿಳಿಯುವುದು. ಹಳೆಯ ಓಲೆಗಳನ್ನು ಪರಿಶೋಧಿಸುವ ವಿದ್ವಾಂಸರು, ಒಂದೇ ಸ್ಖಾಲಿತ್ಯವು ಯಾವ ಯಾವ ಪ್ರತಿಗಳಲ್ಲಿ ಕಾಣುವುದೋ ಅವೆಲ್ಲವೂ ಒಂದೇ ಮಾತೃಕೆಯಿಂದ ಹುಟ್ಟಿರಬೇಕೆಂದು ನಿರ್ಣಯಿಸುವರು. ಇಲ್ಲಿ ಮಾತೃಕೆಯನ್ನು ತಿಳಿದು ಸ್ಖಾಲಿತ್ಯವನ್ನು ಊಹಿಸಬೇಕು. ಇಷ್ಟಕ್ಕೂ ಮುಗಿಯಲಿಲ್ಲ. ಸಾಫ್ಟ್‌ವೇರನ್ನು ತಿದ್ದಿದ ಮೇಲೆಯೂ, ಆ ೨೦ ತಿಂಗಳಲ್ಲಿ ಹುಟ್ಟಿದ ಕೈಗಳು ದುರ್ಬಲವಾಗಿಯೇ ಉಳಿದುವು. ಅವನ್ನು ಡೆಬಿಯನ್ನಿನ ಸೋಂಕೇ ಇಲ್ಲದ ಯಂತ್ರಕ್ಕೆ ಕೊಂಡೊಯ್ದಿದ್ದರೆ ಅಲ್ಲಿಯ ಬೀಗವೂ ದುರ್ಬಲವಾಯಿತು. ಅಂಥ ಯಂತ್ರದ ಮುಂದೆ ಕುಳಿತು ಆವೃತ್ತಿಯನ್ನು ಎಷ್ಟು ಸಲ ಕೇಳಿದರೇನು? ಅಲ್ಲಿ ಕೇಳಬೇಕಾಗಿದ್ದುದು ಕೀಲಿಕೈಯ ಜಾತಕವನ್ನು: ಅದು ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು?

ಪಟ್ಟಿಯೇ ದಿನಕ್ಕೊಂದು ಬಗೆಯಾಗಿ ಬದಲಾದರೆ ಏನಾಗುವುದೆಂಬುದು ೨೦೨೧ರ ಡಿಸೆಂಬರಿನಲ್ಲಿ ಅನುಭವಕ್ಕೆ ಬಂದಿತು. ಲಾಗ್‌ಫೋರ್‌ಜೆ ಎಂಬುದು ಜಾವಾ ಭಾಷೆಯಲ್ಲಿ ಬರೆದ ಸಾಫ್ಟ್‌ವೇರುಗಳಿಗೆ ದಿನಚರಿಯನ್ನು ಬರೆದುಕೊಡುವ ಒಂದು ಸಣ್ಣ ಉಪಗ್ರಂಥ. ಬರೆದುಕೊಳ್ಳತಕ್ಕ ಮಾತಿನಲ್ಲಿಯೇ ಯಾರಾದರೂ ಒಂದು ವಿಶೇಷ ಸಂಕೇತವನ್ನು ಸೇರಿಸಿದರೆ, ಅದನ್ನು ಬರೆದುಕೊಳ್ಳುವುದಕ್ಕೆ ಬದಲಾಗಿ ಈ ಗುಮಾಸ್ತೆಯು ಆಜ್ಞೆಯೆಂದು ಭಾವಿಸಿ, ಹೊರಗಿನಿಂದ ಅಪರಿಚಿತರ ಸಾಮಾನನ್ನು ತಂದು ಮನೆಯೊಳಗೆ ಬಿಚ್ಚುತ್ತಿದ್ದನು. ಅಲಿಬಾಬಾ ಸಂಸ್ಥೆಯ ಚೆನ್ ಝಾವೋಜುನ್ ಅವರು ನವೆಂಬರ್ ೨೪ರಂದು ಇದನ್ನು ಬರೆದವರಿಗೆ ತಿಳಿಸಿದ್ದರು. ಡಿಸೆಂಬರ್ ೧೦ರ ವೇಳೆಗೆ ಲೋಕಕ್ಕೆಲ್ಲ ತಿಳಿಯಿತು. ೨.೦ರ ೯ನೆಯ ಕರಡಿನಿಂದ ೨.೧೪.೧ರವರೆಗೆ ದೋಷವುಂಟು, ೨.೧೫.೦ರಲ್ಲಿ ತಿದ್ದಿದೆ, ಎಂದು ಮೊದಲು ಹೇಳಿದರು. ಆ ತಿದ್ದುಪಡಿ ಪೂರ್ಣವಲ್ಲವೆಂದು ನಾಲ್ಕಾರು ದಿನಗಳಲ್ಲಿಯೇ ತಿಳಿದು ೨.೧೬.೦ ಬಂದಿತು, ಇನ್ನೊಂದು ದೋಷಕ್ಕಾಗಿ ೨.೧೭.೦, ಮತ್ತೂ ಒಂದಕ್ಕಾಗಿ, ತಿಂಗಳು ಮುಗಿಯುವುದರೊಳಗೆ, ೨.೧೭.೧. ಸೋಮವಾರ ನೋಡಿ ನೆಮ್ಮದಿಗೊಂಡವನು ಶುಕ್ರವಾರ ಮತ್ತೆ ನೋಡಬೇಕಾಯಿತು. ೧ ಎಂಬ ಹಳೆಯ ಶಾಖೆಯವರು, ನಮಗೆ ಈ ದೋಷವಿಲ್ಲವೆಂದು ಹಿಗ್ಗಿದರು. ಆ ಶಾಖೆಯ ಪಾಲನೆಯನ್ನು ೨೦೧೫ರಲ್ಲಿಯೇ ಕೈಬಿಟ್ಟಿದ್ದರೆಂಬುದನ್ನು ಅವರು ಮರೆತಿದ್ದರು.

ಆವೃತ್ತಿಯ ಪ್ರಶ್ನೆಗೂ ಮೊದಲಿನ ಪ್ರಶ್ನೆಯೊಂದು ಇಲ್ಲಿ ಎದ್ದಿತು: ಈ ಗ್ರಂಥವು ತನ್ನಲ್ಲಿದೆಯೇ? ಲಾಗ್‌ಫೋರ್‌ಜೆಯನ್ನು ಯಾರೂ ಬೇಕೆಂದು ಕೊಂಡು ತಂದಿರಲಿಲ್ಲ. ಅವರು ತಂದ ಗ್ರಂಥವು ಇನ್ನೊಂದನ್ನು ಒಳಗೊಂಡು, ಅದು ಮತ್ತೊಂದನ್ನು ಒಳಗೊಂಡು, ಗಂಟಿನೊಳಗಿನ ಗಂಟಿನಲ್ಲಿ ಅದು ಅಡಗಿತ್ತು. ಹೆಸರು ಹಿಡಿದು ಯಂತ್ರದಲ್ಲಿ ಹುಡುಕಿದವರು ಏನೂ ಸಿಕ್ಕಲಿಲ್ಲವೆಂದು ಇಲ್ಲವೆಂದೇ ಹೇಳಿದರು. ಶಾಸ್ತ್ರಗಳನ್ನು ಓದಿದವರು ಇಲ್ಲಿ ಒಂದು ಹಳೆಯ ವಿಚಾರವನ್ನು ನೆನೆಯುವರು. ಒಂದು ವಸ್ತುವು ಇಲ್ಲವೆಂಬ ಜ್ಞಾನವು ಯಾವ ಪ್ರಮಾಣದಿಂದ ಉಂಟಾಗುವುದೆಂದು ನಮ್ಮ ದಾರ್ಶನಿಕರು ದೀರ್ಘವಾಗಿ ಚರ್ಚಿಸಿರುವರು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅದಕ್ಕಾಗಿ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿರುವರು. ನೆಲದ ಮೇಲೆ ಗಡಿಗೆ ಕಾಣಲಿಲ್ಲ, ಆದುದರಿಂದ ಗಡಿಗೆ ಇಲ್ಲ. ಆದರೆ ಅವರು ಅದಕ್ಕೊಂದು ಕಟ್ಟನ್ನೂ ಹಾಕಿರುವರು: ಕಾಣದಿರುವುದು ಯೋಗ್ಯವಾದ ಕಾಣದಿರುವಿಕೆಯಾಗಿರಬೇಕು. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಷ್ಟು ಬೆಳಕೂ ಕಣ್ಣೂ ಇದ್ದಾಗ ಮಾತ್ರ, ಕಾಣಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಕಾಣದಿರುವುದರಿಂದ ಯಾವುದೂ ಸಿದ್ಧವಾಗದು. ಗಂಟುಗಳನ್ನು ಬಿಚ್ಚಿ ನೋಡಲಾರದ ಸಾಧನದಿಂದ ಹುಡುಕಿ, ಸಿಕ್ಕಲಿಲ್ಲ, ಆದುದರಿಂದ ಇಲ್ಲ, ಎಂದವರು ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿದವರು. ಅಮೆರಿಕದ ಸರ್ಕಾರವು ನೇಮಿಸಿದ ವಿಚಾರಣಾ ಮಂಡಲಿಯೊಂದು ೨೦೨೨ರ ಜುಲೈಯಲ್ಲಿ, ಈ ದೋಷವುಳ್ಳ ಪ್ರತಿಗಳು ಇನ್ನೂ ಒಂದು ದಶಕವೋ ಅದಕ್ಕೂ ಹೆಚ್ಚೋ ಕಾಲ ಅಲ್ಲಲ್ಲಿ ಉಳಿದುಕೊಳ್ಳುವುವೆಂದು ವರದಿ ಮಾಡಿದುದು ಇದೇ ಕಾರಣದಿಂದ.

ಪಟ್ಟಿಯನ್ನು ಬರೆಯುವವರೂ ಮನುಷ್ಯರೇ, ಅವರಿಗೂ ಸಂಬಳ ಬೇಕು, ಎಂಬುದನ್ನೂ ಇಲ್ಲಿ ಹೇಳಬೇಕು. ದೋಷಗಳಿಗೆ ಆವೃತ್ತಿಗಳ ವಿವರವನ್ನು ಜೋಡಿಸುತ್ತಿದ್ದ ಅಮೆರಿಕದ ರಾಷ್ಟ್ರೀಯ ಭಂಡಾರದ ಕೆಲಸ ೨೦೨೪ರ ಫೆಬ್ರವರಿಯಲ್ಲಿ ಬಹಳ ಕುಂಠಿತವಾಗಿ, ಸಾವಿರಾರು ದೋಷಗಳು ಬರಿಯ ಸಂಖ್ಯೆಗಳಾಗಿ ನಿಂತುವು. ೨೦೨೫ರ ಏಪ್ರಿಲಿನಲ್ಲಿ ಸಿವಿಇ ನಿಘಂಟನ್ನು ನಡೆಸುವ ಒಪ್ಪಂದವೇ ಮುಗಿಯುವುದರಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಅದನ್ನು ಮುಂದುವರಿಸಿದರು. ಪಟ್ಟಿಯಲ್ಲಿ ಒಂದು ಆವೃತ್ತಿಯ ಹೆಸರು ಕಾಣಲಿಲ್ಲವೆಂದರೆ ಅದು ನಿರ್ದೋಷಿಯೆಂದು ಅರ್ಥವಿರಬಹುದು. ಬರೆಯುವವನು ಇನ್ನೂ ಆ ಪುಟಕ್ಕೆ ಬಂದಿಲ್ಲವೆಂದೂ ಅರ್ಥವಿರಬಹುದು.

ಈ ವೃತ್ತಿಯವರು ಇಷ್ಟು ಪೆಟ್ಟು ತಿಂದ ಮೇಲೆ ಒಂದು ಒಳ್ಳೆಯ ಸಂಪ್ರದಾಯವನ್ನು ಏರ್ಪಡಿಸಿಕೊಂಡಿರುವರು. ಸಾಫ್ಟ್‌ವೇರನ್ನು ಮಾಡಿಕೊಟ್ಟವರು ಒಂದೊಂದು ದೋಷದ ವಿಷಯದಲ್ಲಿಯೂ ನಾಲ್ಕರಲ್ಲಿ ಒಂದು ಉತ್ತರವನ್ನು ಕೊಡತಕ್ಕದ್ದೆಂದು ವೆಕ್ಸ್ ಎಂಬ ಕ್ರಮವು ವಿಧಿಸುವುದು: ಬಾಧೆಯುಂಟು, ಬಾಧೆಯಿಲ್ಲ, ತಿದ್ದಿದೆ, ಪರಿಶೀಲನೆಯಲ್ಲಿದೆ. ಇವುಗಳಲ್ಲಿ ಬಾಧೆಯಿಲ್ಲವೆಂಬ ಉತ್ತರಕ್ಕೆ ಮಾತ್ರ, ಏಕಿಲ್ಲವೆಂಬ ಕಾರಣವನ್ನು ಜೊತೆಯಲ್ಲಿ ಹೇಳಲೇಬೇಕು. ಉಂಟೆಂಬುದಕ್ಕೆ ಕಾರಣವನ್ನು ಹೇಳಬೇಕಾಗಿಲ್ಲ, ಇಲ್ಲವೆಂಬುದನ್ನು ಸಾಧಿಸಿ ಹೇಳಬೇಕು. ದಾರ್ಶನಿಕರು ಹಾಕಿದ ಕಟ್ಟು ಯಂತ್ರಶಾಲೆಯಲ್ಲಿಯೂ ಬಂದು ನಿಂತಿದೆ. ನಾಲ್ಕನೆಯ ಉತ್ತರವೂ ಕಡಮೆಯದಲ್ಲ. ತಿಳಿಯದು, ನೋಡುತ್ತಿದ್ದೇವೆ, ಎಂಬುದು ಉತ್ತರಗಳ ಸಾಲಿನಲ್ಲಿ ಗೌರವದಿಂದ ಕುಳಿತುಕೊಳ್ಳುವುದು ಲೋಕದಲ್ಲಿ ಅಪರೂಪ.

ಆಸ್ಪತ್ರೆಯ ಪಾಲಕನ ಕಾಲಕ್ಕೆ ಅಂಥ ಕ್ರಮವಿನ್ನೂ ಬಂದಿರಲಿಲ್ಲ. ಆದರೂ ಬೆಳಗಿನ ಜಾವದಲ್ಲಿ ಅವನು ಬರೆದ ಪತ್ರದಲ್ಲಿ ನಾಲ್ಕು ಪಂಕ್ತಿಗಳಿದ್ದಿರಬೇಕು. ಮೊದಲನೆಯ ಯಂತ್ರಕ್ಕೆ ಬಾಧೆಯಿಲ್ಲ, ಅದರ ಶಾಖೆಯಲ್ಲಿ ಈ 
ಏರ್ಪಾಡೇ ಇಲ್ಲದ ಕಾರಣ. ಎರಡನೆಯದಕ್ಕೆ ಬಾಧೆಯಿತ್ತು, ರಾತ್ರಿ ತಿದ್ದಿದೆ, ಅದರ ಬೀಗದ ಕೈಗಳನ್ನು ಬದಲಾಯಿಸಬೇಕು, ಏತಕ್ಕೆಂದರೆ ಹಳೆಯವು ಯಾರ ಕೈಗಾದರೂ ಬಿದ್ದಿರಬಹುದು. ಮೂರನೆಯದು ತಿದ್ದಿಕೊಂಡಿತ್ತು, ಅದರಲ್ಲಿ ನಡೆಯುತ್ತಿದ್ದ ಕೆಲಸಗಳನ್ನು ನಿಲ್ಲಿಸಿ ಮತ್ತೆ ಆರಂಭಿಸಿದೆ, ಅದಕ್ಕೆ ಮುಂಚಿನ ಕಾಲದಲ್ಲಿ ಅದಕ್ಕೂ ಬಾಧೆಯಿದ್ದುದರಿಂದ ಅದರ ಕೈಗಳನ್ನೂ ಬದಲಾಯಿಸಬೇಕು. ನಾಲ್ಕನೆಯದು ತಿಳಿಯದು, ಮಾರಿದವರ ಉತ್ತರ ಬರುವವರೆಗೆ ಅದನ್ನು ಹೊರಗಿನ ದಾರಿಯಿಂದ ಕಳಚಿಟ್ಟಿದೆ, ಅದರಿಂದ ನಡೆಯುವ ಕೆಲಸವನ್ನು ಇಂದು ಕಾಗದದ ಮೇಲೆ ನಡೆಸಬೇಕಾಗುವುದು. ಮೇಲಧಿಕಾರಿಗಳಿಗೆ ಬೇಕಾಗಿದ್ದುದು ಒಂದು ಉಂಟು ಅಥವಾ ಒಂದು ಇಲ್ಲ. ಅವರಿಗೆ ಈ ಪತ್ರ ರುಚಿಸಿರಲಾರದು. ಬಾಗಿಲಲ್ಲಿ ಸಾಲು ನಿಂತ ರೋಗಿಗಳಿಗಂತೂ ಅಂದು ಚೀಟಿ ಸಿಕ್ಕುವುದು ತಡವಾಯಿತೆಂಬುದಷ್ಟೇ ತಿಳಿದಿರುವುದು.

ಪಾಠಶಾಲೆಗಳಲ್ಲಿ ಎರವಲು ಸಿಕ್ಕುವ ಹಳೆಯ ಪುಸ್ತಕಗಳಲ್ಲಿ, ಹಿಂದಿನ ಯಾವನೋ ವಿದ್ಯಾರ್ಥಿಯು ಒಪ್ಪೋಲೆಯ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಗುರುತು ಮಾಡಿರುವುದು ಕೆಲವು ಸಲ ಕಾಣುವುದು. ಕೆಲವಕ್ಕೆ, ತಿದ್ದಿದೆ ಎಂದು. ಕೆಲವಕ್ಕೆ, ಈ ಮುದ್ರಣದಲ್ಲಿ ಸರಿಯಾಗಿಯೇ ಇದೆ ಎಂದು. ಒಂದೆರಡಕ್ಕೆ ಬರಿಯ ಪ್ರಶ್ನೆಯ ಚಿಹ್ನೆ, ಕೆಳಗೆ ತಾರೀಖು. ಆ ತಾರೀಖಿಗೆ ಅವನಿಗೆ ಎಷ್ಟು ತಿಳಿದಿತ್ತೋ ಅಷ್ಟನ್ನು ಅವನು ಮುಂದಿನವನಿಗೆ ಬಿಟ್ಟುಹೋಗಿರುವನು. ಆ ಪುಸ್ತಕವನ್ನು ತೆರೆದವನು ಪ್ರಶ್ನೆಯ ಚಿಹ್ನೆಯಿಂದಲೇ ತನ್ನ ಕೆಲಸವನ್ನು ಆರಂಭಿಸಬಹುದು.